ಇನ್ನು ಮುಂದೆ ವಯಸ್ಸು ಕೇಳುತ್ತೇವೆ, ಬೇಜಾರು ಮಾಡ್ಕೋಬೇಡಿ

ನಮ್ಮ ಗಿರಾಕಿಗಳಿಗೆಲ್ಲ ನಮಸ್ಕಾರ.

ಬರುವ ಜುಲೈ 1ರಿಂದ, ಅಂದರೆ ಲೈಸೆನ್ಸ್‌ನ ಹೊಸ ವರ್ಷ ಶುರುವಾಗುವ ದಿನದಿಂದ, ನಮ್ಮ ವೈನ್ ಸ್ಟೋರ್‌ನಲ್ಲಿ ಎರಡು ಬದಲಾವಣೆ. ಚಿಕ್ಕವರಂತೆ ಕಂಡವರಿಗೆ, 21 ತುಂಬಿದೆ ಅನ್ನುವ ದಾಖಲೆ ನೋಡದೆ ಬಾಟಲಿ ಕೊಡುವುದಿಲ್ಲ. ಅಪ್ಪ ಕಳಿಸಿದರು, ಮಾವ ಕಳಿಸಿದರು ಅಂತ ಬರುವ ಹುಡುಗರ ಕೈಗೂ ಕೊಡುವುದಿಲ್ಲ. ಅಪ್ಪ ಫೋನ್ ಮಾಡಿ ಹೇಳಿದರೂ ಅಷ್ಟೇ.

ಯಾಕೆ ಅಂತ ಹೇಳಿಬಿಡುತ್ತೇನೆ. ಹೋದ ತಿಂಗಳು ಒಂದು ಶನಿವಾರ ರಾತ್ರಿ, ಕೌಂಟರ್ ಮುಂದೆ ನೂಕುನುಗ್ಗಲು. ಒಬ್ಬ ಹುಡುಗ ನಾಲ್ಕು ಬಿಯರ್ ಕೇಳಿದ. ವಯಸ್ಸೆಷ್ಟು ಅಂದರೆ ಮೊಬೈಲ್‌ನಲ್ಲಿ ಆಧಾರ್ ಫೋಟೋ ತೆಗೆದು ಜಾಲರಿಯ ಹತ್ತಿರ ಹಿಡಿದ, ಹೆಬ್ಬೆರಳು ಸರಿಯಾಗಿ ಹುಟ್ಟಿದ ವರ್ಷದ ಮೇಲೆ. ಹಿಂದೆ ನಿಂತವರು 'ಬೇಗ ಕೊಡ್ರೀ' ಅಂತ ಕೂಗುತ್ತಿದ್ದರು, ಬೆರಳು ತೆಗಿ ಅನ್ನುವಷ್ಟು ಪುರುಸೊತ್ತು ಯಾರಿಗಿತ್ತು, ನಮ್ಮ ಕೆಲಸದವನು ಕೊಟ್ಟುಬಿಟ್ಟ. ಗಲ್ಲಾದಲ್ಲಿ ಕೂತು ದುಡ್ಡು ತಗೊಂಡವನು ನಾನು. ತಪ್ಪು ನಮ್ಮದೇ. ಹುಡುಗನಿಗೆ 19.

ಮರುದಿನ ಅವನ ಅಪ್ಪ ಬಂದರು. ನಮ್ಮ ಹಳೇ ಗಿರಾಕಿ. ಮಗ ರಾತ್ರಿ ಬೈಕ್‌ನಿಂದ ಬಿದ್ದು ಮೊಣಕೈ ತರಚಿಕೊಂಡಿದ್ದ, ಪುಣ್ಯಕ್ಕೆ ಅಷ್ಟಕ್ಕೇ ಮುಗಿದಿತ್ತು. 'ನಿಮ್ಮಂಥವರಿಂದಲೇ ಹುಡುಗರು ಹಾಳಾಗೋದು, ಸರ್ಕಾರ ಕುಡಿಯೋ ವಯಸ್ಸು 25 ಮಾಡಬೇಕು' ಅಂತ ಕೂಗಾಡಿದರು. ಸುಮ್ನೆ ಬೈಸಿಕೊಂಡೆ. ಅವರು ತಣ್ಣಗಾದ ಮೇಲೆ ಕೇಳಿದೆ, 'ಅಣ್ಣಾ, ಎರಡು ವರ್ಷದಿಂದ ನಿಮ್ಮ ಕ್ವಾರ್ಟರ್ ತಗೊಂಡು ಹೋಗೋಕೆ ಬರ್ತಿದ್ದವನು ಇವನೇ ಅಲ್ವಾ?' ಅವರು ಮಾತಾಡಲಿಲ್ಲ. ನಾನೂ ಬೀಗುವ ಹಾಗಿರಲಿಲ್ಲ. ಆಗಲೂ ಕೊಟ್ಟವನು ನಾನೇ.

ವಯಸ್ಸು ಏರಿಸಬೇಕಾ ಬೇಡವಾ ಅಂತ ನಮ್ಮ ಅಂಗಡಿ ಮುಂದೆ ದಿನಾ ಚರ್ಚೆ. ನನ್ನ ಕೇಳಿದರೆ, ಇರುವ 21 ಮೊದಲು ಸರಿಯಾಗಿ ನಡೆಯಲಿ. ವ್ಯಾಪಾರಕ್ಕೆ ಪೆಟ್ಟು ಬೀಳುತ್ತೆ ಅಂತ ಹೀಗೆ ಹೇಳ್ತಾನೆ ಅಂದುಕೊಳ್ಳುತ್ತೀರಿ, ಅದೂ ಸ್ವಲ್ಪ ಇರಬಹುದು. ಆದರೆ ನಮ್ಮ ರಾಜ್ಯದಲ್ಲಿ 21 ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 1965ರ ಅಬಕಾರಿ ಕಾಯ್ದೆಯಲ್ಲಿ 18 ಅಂತಿದೆ, 1967ರ ಲೈಸೆನ್ಸ್ ನಿಯಮದಲ್ಲಿ 21. 2023ರ ಜನವರಿಯಲ್ಲಿ ನಿಯಮದಲ್ಲೂ 18 ಮಾಡೋಣ ಅಂತ ಸರ್ಕಾರ ಕರಡು ಹೊರಡಿಸಿತು, ಜನ ವಿರೋಧ ಮಾಡಿದ ಮೇಲೆ ಕೈಬಿಟ್ಟಿತು. ಹುಡುಗರ ತಲೆಯಲ್ಲಿ ಸುದ್ದಿಯ ಮೊದಲರ್ಧ ಮಾತ್ರ ಉಳಿದಿದೆ. 'ಅಂಕಲ್, ಈಗ 18 ಆಗಿದೆ' ಅಂತ ನನಗೇ ಪಾಠ ಹೇಳುತ್ತಾರೆ.

ಕೇರಳದವರು 2017ರಲ್ಲಿ 21ರಿಂದ 23 ಮಾಡಿದರು. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ವಿಸ್ಕಿ ರಮ್‌ಗೆ 25. ಗೋವಾದಲ್ಲಿ 18. ನಮ್ಮ ದಾವಣಗೆರೆಯ 19ರ ಹುಡುಗ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಗೋವಾದಲ್ಲಿ ದೊಡ್ಡವನಾಗಿ ಇಳಿಯುತ್ತಾನೆ. ಇಲ್ಲಿ 25 ಮಾಡಿದರೂ, ಕೌಂಟರ್‌ನಲ್ಲಿ ಕೂತವರು ಬೆರಳು ತೆಗಿ ಅನ್ನದಿದ್ದರೆ ಏನು ಬಂತು?

ಈಗ ಕೆಲಸದ ಮಾತು. ಡ್ರೈವಿಂಗ್ ಲೈಸೆನ್ಸ್ ಇದ್ದರೆ ಒಳ್ಳೆಯದು. ಆಧಾರ್ ಆದರೆ ಕಾರ್ಡೇ ತನ್ನಿ, ಇಲ್ಲ ಡಿಜಿಲಾಕರ್ ತೆಗೆದು ತೋರಿಸಿ, ಗ್ಯಾಲರಿಯಲ್ಲಿರುವ ಫೋಟೋ ನಡೆಯುವುದಿಲ್ಲ. ನೋಡಿ ವಾಪಸ್ ಕೊಡುತ್ತೇವೆ, ಜೆರಾಕ್ಸ್ ಕೇಳುವುದಿಲ್ಲ, ನಂಬರ್ ಬರೆದುಕೊಳ್ಳುವುದಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ನಿಮ್ಮ ನಿಜವಾದ ಹುಟ್ಟಿದ ದಿನ ಅಲ್ಲದಿರಬಹುದು, ಅರ್ಧ ಊರಿನದು ಅದೇ ಕಥೆ, ನಮಗೆ ಮಾತ್ರ ಕಾರ್ಡ್‌ನಲ್ಲಿ ಇರುವುದೇ ಲೆಕ್ಕ. ತಲೆ ನರೆತವರನ್ನು ಏನೂ ಕೇಳುವುದಿಲ್ಲ. ಶನಿವಾರ, ಭಾನುವಾರ ಸಾಲು ಸ್ವಲ್ಪ ನಿಧಾನ ಆಗುತ್ತದೆ. ನಮ್ಮ ಹುಡುಗರ ಮೇಲೆ ರೇಗಬೇಡಿ, ರೇಗಲೇಬೇಕು ಅಂದರೆ ಗಲ್ಲಾ ಹತ್ತಿರ ಬನ್ನಿ.

ಆ ಅಣ್ಣ ಈಗ ತಾವೇ ಬರುತ್ತಾರೆ, ಮಂಡಿ ನೋವು ಅಂತ ಗೊಣಗುತ್ತಲೇ. ಅವರಿಗೆ ಅಂತ ಕೌಂಟರ್ ಪಕ್ಕ ಒಂದು ಸ್ಟೂಲ್ ಹಾಕಿದ್ದೇವೆ. ವಯಸ್ಸಾದವರು ಯಾರು ಬೇಕಾದರೂ ಕೂತು ಸುಧಾರಿಸಿಕೊಳ್ಳಿ. ಬಾಟಲಿ ಮಾತ್ರ ಅಲ್ಲೇ ಓಪನ್ ಮಾಡಬೇಡಿ, ನಮ್ಮದು ಸಿಎಲ್-2, ಅಂದರೆ ಬಾಟಲಿ ಮಾರುವುದಕ್ಕೆ ಮಾತ್ರ ಇರುವ ಲೈಸೆನ್ಸ್, ಅಂಗಡಿಯಲ್ಲೇ ಕುಡಿದರೆ ಲೈಸೆನ್ಸ್‌ಗೇ ಕುತ್ತು ಬರುತ್ತದೆ.

ಇಂತಿ,
ನಿಮ್ಮ ಅಂಗಡಿಯವರು
ದಾವಣಗೆರೆ