ಆ ಕಾಲನ್ನು ಅಟ್ಟದಿಂದ ಇಳಿಸು, ಗೆಳೆಯಾ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಸ್ವಂತ ಕಾಲ ಮೇಲೆ ನಿಂತವನು ನಾನು. ಈಗ ಊರುಗೋಲು ಹಿಡಿದು ಅಂಗಡಿ ಬಾಗಿಲು ತೆಗೆಯಲಾ?" ಎಂದೆ. ಆಪರೇಷನ್ ಮಾಡಿ ಕಾಲು ತೆಗೆದ ಮೇಲೆ ಕೊಟ್ಟ ಹೊಸ ಕೃತಕ ಕಾಲನ್ನು, ಕಚ್ಚುತ್ತದೆ ಅಂತ ಬಿಚ್ಚಿ ಅಟ್ಟಕ್ಕೆ ಹಾಕಿದ್ದೀಯಂತೆ, ಅತ್ತಿಗೆ ಹೇಳಿದರು. ನನಗೆ ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಪಿಯುಸಿ ದಿನಗಳು ನೆನಪಿವೆಯಾ? ಪೋಲಿಯೊ ಆದ ನನ್ನ ಕಾಲಿಗೆ ಕ್ಯಾಲಿಪರ್ ಇತ್ತು. ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಭಾರದ ಬೂಟು. ನಡೆದರೆ ಟಕ್ ಟಕ್ ಸದ್ದು. ಆ ಸದ್ದಿಗೆ ನಾಚಿಕೊಂಡು ಮೊದಲ ವರ್ಷ ಪೂರ್ತಿ ಅದನ್ನು ಮನೆಯಲ್ಲೇ ಬಿಟ್ಟೆ. ಮೊಣಕಾಲಿನ ಮೇಲೆ ಕೈ ಒತ್ತಿಕೊಂಡು ನಡೆದೆ. ಮಹಡಿ ಮೇಲಿನ ಕ್ಲಾಸುಗಳನ್ನೆಲ್ಲ ತಪ್ಪಿಸಿದೆ, ಫಿಸಿಕ್ಸ್‌ನಲ್ಲಿ ಫೇಲಾದೆ. ಬೈದು ಬೈದು ಮತ್ತೆ ಕ್ಯಾಲಿಪರ್ ಹಾಕಿಸಿದವನು ನೀನೇ ಅಲ್ವಾ? ಬೆಲ್ಟು ಹರಿದಾಗ ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಸಿಕೊಂಡು ಬಂದವನೂ ನೀನೇ. ಇವತ್ತು ನಾನು ಮಕ್ಕಳಿಗೆ ಗಣಿತ ಹೇಳುತ್ತಿದ್ದೇನೆ ಅಂದರೆ ಆ ಬೆಲ್ಟಿಗೂ ಅದರಲ್ಲಿ ಪಾಲಿದೆ.

ಬೆಂಗಳೂರಿನ ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರ ವಿಷಯ ಹೇಳಬೇಕು ನಿನಗೆ. ಒಂದು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಮೈಗೆ ಲಕ್ವ ಹೊಡೆಯಿತು. ಚಿಕಿತ್ಸೆಯಿಂದ ಸೊಂಟದ ಮೇಲೆ ಬಲ ಬಂತು, ಕೆಳಗೆ ಬರಲಿಲ್ಲ. ಮೂವತ್ತಕ್ಕೂ ಹೆಚ್ಚು ಆಪರೇಷನ್ ಆದವು. ಅವರು ಗಾಲಿಕುರ್ಚಿಯ ಓಟಕ್ಕೆ ಇಳಿದರು, ಕೂತಲ್ಲಿಂದಲೇ ಗುಂಡು, ಡಿಸ್ಕಸ್, ಜಾವೆಲಿನ್ ಎಸೆದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಪದಕಗಳಿಗಿಂತ ಜಾಸ್ತಿ ಆ ಕುರ್ಚಿ. ಕೂತು ಎಸೆಯುವವರ ಕುರ್ಚಿಯನ್ನು ಪಟ್ಟಿಗಳಿಂದ ನೆಲಕ್ಕೆ ಬಿಗಿದು ಕಟ್ಟುತ್ತಾರೆ. ಅದು ಅಲುಗಿದರೆ ತೋಳಿನ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. ಹಾಗೆ ಕಟ್ಟಿದ್ದಕ್ಕೆ ಎಸೆತ ಬೇರೆಯವರದ್ದು ಅಂತ ಯಾರಾದರೂ ಹೇಳುತ್ತಾರಾ? ತೋಳು ಅವರದ್ದೇ. ಕುರ್ಚಿ ಸುಮ್ನೆ ಗಟ್ಟಿಯಾಗಿ ನಿಲ್ಲಬೇಕು, ಅಷ್ಟೆ. ನಿನ್ನ ಊರುಗೋಲೂ ಅಷ್ಟೇ.

ನರ್ತಕಿ ಸುಧಾ ಚಂದ್ರನ್ ನಿನಗೆ ಗೊತ್ತು. 1981ರ ಅಪಘಾತದ ನಂತರ ಬಲಗಾಲು ತೆಗೆದರು. ಜೈಪುರ ಕಾಲು ಅನ್ನುವ ಕೃತಕ ಕಾಲು ಹಾಕಿಕೊಂಡು 1984ರಲ್ಲಿ ಮತ್ತೆ ವೇದಿಕೆ ಮೇಲೆ ಭರತನಾಟ್ಯ ಮಾಡಿದರು. ಆ ಕಾಲನ್ನು 1968ರ ಹೊತ್ತಿಗೆ ಜೈಪುರದಲ್ಲಿ ರೂಪಿಸಿದವರು ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಠಿ. ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕೂರುವ, ಕೆಸರಿನಲ್ಲಿ ಇಳಿಯುವ ನಮ್ಮಂಥವರಿಗಾಗಿ ಮಾಡಿದ ಕಾಲು ಅದು. ನಿನಗೆ ಕೊಟ್ಟಿರುವುದೂ ಅದೇ.

ಇನ್ನು ಅದು ಕಚ್ಚುವ ವಿಷಯ. ಆಪರೇಷನ್ ಆದ ಮೇಲೆ ಮೊದಲ ತಿಂಗಳುಗಳಲ್ಲಿ, ಕತ್ತರಿಸಿ ಉಳಿದ ಕಾಲಿನ ಭಾಗ ಗಾತ್ರದಲ್ಲಿ ಇಳಿಯುತ್ತಾ ಹೋಗುತ್ತದೆ. ಬಾವು ಕರಗುತ್ತದೆ, ಮಾಂಸಖಂಡ ಸಣ್ಣಗಾಗುತ್ತದೆ. ಅಳತೆ ತೆಗೆದ ದಿನ ಸರಿಯಾಗಿದ್ದ ಸಾಕೆಟ್, ಅಂದರೆ ಆ ಭಾಗ ಒಳಗೆ ಕೂರುವ ಬಟ್ಟಲು, ಆಮೇಲೆ ಸಡಿಲವಾಗುತ್ತದೆ. ಸಡಿಲ ಚಪ್ಪಲಿ ಉಜ್ಜಿ ಬೊಬ್ಬೆ ಬರುವುದಿಲ್ಲವಾ, ಹಾಗೇ ಇದು. ಕೆಲವರಿಗೆ ಒಳಗಿನ ಕಾಲುಚೀಲ ಒಂದು ಜಾಸ್ತಿ ಹಾಕಿದರೆ ಸಾಕು, ಕೆಲವರಿಗೆ ಸಾಕೆಟ್ಟನ್ನೇ ಬದಲಿಸಬೇಕು. ಅದನ್ನು ಕಾಲು ಕೊಟ್ಟವರೇ ನೋಡಿ ಹೇಳಬೇಕು. ಗಾಯ ಇದ್ದರೆ ಮಾಯುವ ತನಕ ಹಾಕಬೇಡ. ಇದನ್ನು ನಿನಗೆ ಯಾರೂ ಕೂತು ವಿವರಿಸಲಿಲ್ಲ, ಅದಕ್ಕೆ ನನಗೆ ಸಿಟ್ಟಿದೆ. ನೀನೋ, ನಿನ್ನನ್ನೇ ಕೈಲಾಗದವನು ಅಂತ ಅಂದುಕೊಂಡುಬಿಟ್ಟೆ.

ಬೇಸಿಗೆ ಬಂತು. ಬೋರ್‌ವೆಲ್ ಮೋಟಾರುಗಳು ಸುಡುವ ಕಾಲ. ನಿನ್ನ ಅಂಗಡಿ ಬಾಗಿಲಿನ ಬೀಗ ನೋಡಿ ರೈತರು ಮೋಟಾರನ್ನು ವಾಪಸ್ ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೋಗುತ್ತಿದ್ದಾರಂತೆ. ಆ ತಾಮ್ರದ ತಂತಿ ಸುತ್ತುವ ಕೈ ಹಾಗೇ ಇದೆಯಲ್ಲೋ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕಾಲನ್ನು ಇಳಿಸಿ ಒರೆಸಿಟ್ಟಿರು. ಸೋಮವಾರ ಇಬ್ಬರೂ ಹೋಗಿ ಸಾಕೆಟ್ ತೋರಿಸೋಣ, ರಜೆ ಹಾಕಿದ್ದೇನೆ. ಬರುವಾಗ ಅಂಗಡಿಗೆ ಒಂದು ಎತ್ತರದ ಸ್ಟೂಲು ತರುತ್ತೇನೆ. ನಿನ್ನ ಮೇಜಿನ ಎತ್ತರ ಎಷ್ಟು ಅಂತ ಅತ್ತಿಗೆ ಹತ್ತಿರ ಅಳತೆ ಮಾಡಿಸಿ ಹೇಳು.

ಇಂತಿ,
ನಿನ್ನವ