ನೋಟಿಸ್ ಕಳಿಸುವ ಮೊದಲು ಓದಬಾರದೇ?

ಮಾನ್ಯ ಸಂಪಾದಕರೇ,

ಪಾಲುದಾರಿಕೆ ಸಂಸ್ಥೆಯವರು, ಸಣ್ಣ ಕಂಪನಿಯವರು ಸರಿಯಾಗಿ ನೋಡದೆ ಆದಾಯ ತೆರಿಗೆ ರಿಟರ್ನ್ ಹಾಕುತ್ತಾರೆ, ಅದಕ್ಕೇ ನೋಟಿಸ್ ಬರುತ್ತದೆ ಎಂದು ಮೊನ್ನೆಯ ಸಭೆಯಲ್ಲಿ ಅಧಿಕಾರಿಯೊಬ್ಬರು ಹೇಳಿದ್ದನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ತುಂಬಾ ಸಿಟ್ಟು ಬಂತು. ಅದೇ ವಾರ ನಮ್ಮ ಫರ್ಮ್‌ಗೂ ನೋಟಿಸ್ ಬಂದಿದೆ. ನಿಮ್ಮ ರಿಟರ್ನ್‌ನಲ್ಲಿ ದೋಷವಿದೆ, 15 ದಿನದೊಳಗೆ ಸರಿ ಮಾಡಿ, ಇಲ್ಲವಾದರೆ ರಿಟರ್ನ್ ಹಾಕಿಯೇ ಇಲ್ಲ ಎಂದು ಲೆಕ್ಕ!

ದೋಷ ಏನು ಗೊತ್ತಾ? ನಾನು ಮತ್ತು ಚಿಕ್ಕಪ್ಪನ ಮಗ ಸೇರಿ ಬೈಕಂಪಾಡಿಯಲ್ಲಿ ಫ್ಯಾಬ್ರಿಕೇಶನ್ ಕೆಲಸ ನಡೆಸುತ್ತೇವೆ. ಒಂದು ಲಕ್ಷದ ಬಿಲ್‌ಗೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 1,18,000. ಜಿಎಸ್‌ಟಿಯನ್ನು ಬಿಲ್‌ನಲ್ಲಿ ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದು ಕಟ್ಟುವ ಆದಾಯ ತೆರಿಗೆ) ಹಿಡಿಯಬಾರದು ಎಂದು 2017ರಲ್ಲೇ ಸುತ್ತೋಲೆ ಬಂದಿದೆ. ಆದರೂ ನಮಗೆ ಕೆಲಸ ಕೊಡುವ ಕೆಲವು ಪಾರ್ಟಿಗಳು ಇಡೀ ಮೊತ್ತಕ್ಕೆ 2 ಪರ್ಸೆಂಟ್ ಹಿಡಿಯುತ್ತಾರೆ. ಆಗ ಇಲಾಖೆಯ ಟಿಡಿಎಸ್ ಪಟ್ಟಿಯಾದ 26ಎಎಸ್‌ನಲ್ಲಿ 1,18,000 ಕಾಣುತ್ತದೆ, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ. ಈ ವ್ಯತ್ಯಾಸವೇ ಅವರಿಗೆ ದೋಷ. ಆ 18,000 ಸರ್ಕಾರಕ್ಕೆ ಹೋಗುವ ಜಿಎಸ್‌ಟಿ, ನಮ್ಮ ಆದಾಯವೇ ಅಲ್ಲ. ನಮ್ಮ ಜಿಎಸ್‌ಟಿ ರಿಟರ್ನ್ ತೆಗೆದು ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಯಾರೂ ನೋಡಿಲ್ಲ. ಕಂಪ್ಯೂಟರ್ ಹೇಳಿತು, ನೋಟಿಸ್ ಹೊರಟಿತು.

ನೋಡದೆ ಹಾಕುತ್ತೇವೆ ಎನ್ನುವವರು ಒಮ್ಮೆ ನಮ್ಮ ಆಡಿಟರ್ ಆಫೀಸಿಗೆ ಬಂದು ಕೂರಲಿ. ಪಾಲುದಾರರ ಸಂಬಳ ಪಾಲುದಾರಿಕೆ ಕರಾರುಪತ್ರದಲ್ಲಿ (ಡೀಡ್) ಬರೆದಂತೆ ಇದೆಯೇ, ಬಂಡವಾಳದ ಬಡ್ಡಿ 12 ಪರ್ಸೆಂಟ್ ದಾಟಿದೆಯೇ, ಇಬ್ಬರ ಕ್ಯಾಪಿಟಲ್ ಅಕೌಂಟ್ ಬ್ಯಾಲೆನ್ಸ್ ಶೀಟ್‌ಗೆ ತಾಳೆಯಾಗುತ್ತದೆಯೇ, ಎಲ್ಲದಕ್ಕೂ ಪೆನ್ಸಿಲ್‌ನಲ್ಲಿ ಟಿಕ್ ಬಿದ್ದ ಮೇಲೆಯೇ ನಮ್ಮ ಸಹಿ. ಫರ್ಮ್‌ನ ಬಿಲ್‌ಗಳ ನಡುವೆ ಇದ್ದ ಚಿಕ್ಕಪ್ಪನ ಮಗನ ಮನೆ ಕಾರಿನ ಇನ್ಶೂರೆನ್ಸ್ ರಸೀದಿಯನ್ನು ಅಲ್ಲಿನ ಹುಡುಗಿ ಹುಡುಕಿ ತೆಗೆದು ಅವನು ಸ್ವಂತಕ್ಕೆ ತೆಗೆದ ಹಣದ ಲೆಕ್ಕಕ್ಕೆ (ಡ್ರಾಯಿಂಗ್ಸ್) ಹಾಕಿದಳು. ಇದಕ್ಕಿಂತ ಜಾಸ್ತಿ ಏನು ನೋಡಬೇಕು?

ಈ ನೋಟಿಸಿನಿಂದ ಈಗ ನಮಗೆ ವಾಪಸ್ ಬರಬೇಕಾದ ತೆರಿಗೆ ಹಣ (ರಿಫಂಡ್) ನಿಂತಿದೆ. ವೆಲ್ಡರ್‌ಗಳಿಗೆ ಶನಿವಾರ ಬಟವಾಡೆ ಆಗಲೇಬೇಕು, ಕಬ್ಬಿಣದ ಅಂಗಡಿಯವರು ಬಾಕಿ ಕೇಳಲು ಶುರು ಮಾಡಿದ್ದಾರೆ. ಟಿಡಿಎಸ್ ಹಿಡಿದ ಪಾರ್ಟಿಗೆ ಫೋನ್ ಮಾಡಿದರೆ ಅಕೌಂಟ್ಸ್‌ನವರು ರಜೆ. ಇಲ್ಲಿಯ ಕಚೇರಿಯಲ್ಲಿ ಕೇಳಿದರೆ ರಿಟರ್ನ್ ನೋಡುವ ಬೆಂಗಳೂರು ಕೇಂದ್ರವನ್ನು ಕೇಳಿ ಅನ್ನುತ್ತಾರೆ, ಹೆಲ್ಪ್‌ಲೈನ್‌ನವರು ನಿಮ್ಮ ಆಡಿಟರ್ ಹತ್ತಿರ ಕೇಳಿ ಅನ್ನುತ್ತಾರೆ. ಆಡಿಟರ್ ಪಾಪ, ಊಟ ಬಿಟ್ಟು ಉತ್ತರ ಬರೆಯುತ್ತಿದ್ದಾರೆ.

ಇದು ಇಂದಿನ ಕತೆ ಅಲ್ಲ. 2025ರಲ್ಲಿ ಫರ್ಮ್‌ಗಳ ರಿಟರ್ನ್ ಫಾರ್ಮ್ ಐಟಿಆರ್-5 ತುಂಬುವ ಸಾಫ್ಟ್‌ವೇರ್ (ಯುಟಿಲಿಟಿ) ಬಂದದ್ದೇ ಆಗಸ್ಟ್‌ನಲ್ಲಿ. ಕೊನೆಯ ದಿನ ಸೆಪ್ಟೆಂಬರ್ 15 ಎಂದರು. ಆ ದಿನ ರಾತ್ರಿ, ಇನ್ನೊಂದು ದಿನ ಕೊಟ್ಟಿದ್ದೇವೆ ಎಂದರು. ತಡ ಮಾಡಿದ ಅವರಿಗೆ ದಂಡ ಇಲ್ಲ. ನಾವು ತಡ ಮಾಡಿದರೆ 5,000 ರೂಪಾಯಿವರೆಗೆ ಫೀಸು. ಭಾವನ ಪುಟ್ಟ ಪ್ರೈವೇಟ್ ಲಿಮಿಟೆಡ್ ಕಂಪನಿ ವಾರ್ಷಿಕ ಫಾರ್ಮ್ ತಡ ಮಾಡಿದರೆ ಒಂದೊಂದು ಫಾರ್ಮ್‌ಗೆ ದಿನಕ್ಕೆ 100 ರೂಪಾಯಿ. 2025ರ ಏಪ್ರಿಲ್‌ನಿಂದ ಪಾಲುದಾರರ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ 10 ಪರ್ಸೆಂಟ್ ಟಿಡಿಎಸ್ ಬೇರೆ. ನಮ್ಮದೇ ಫರ್ಮ್‌ನಿಂದ ನಾವು ತೆಗೆದುಕೊಳ್ಳುವ ಹಣಕ್ಕೂ ಮೂರು ತಿಂಗಳಿಗೊಂದು ರಿಟರ್ನ್! ಅದೇ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಚಹಾ ಅಂಗಡಿಯವರಿಗೂ ಜಿಎಸ್‌ಟಿ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿದೆ ಅಲ್ವಾ? ಇಷ್ಟೆಲ್ಲಾ ತೆರಿಗೆ ಕಟ್ಟಿ ಮಳೆಗಾಲದಲ್ಲಿ ಹೊಂಡದ ರಸ್ತೆಯಲ್ಲಿ ಲಾರಿ ತರುವವರೂ ನಾವೇ. ಅದನ್ನು ಕೇಳಲು ಯಾವ ಅಧಿಕಾರಿಗೂ ಪುರುಸೊತ್ತಿಲ್ಲ.

ನೋಟಿಸ್ ಹೊರಡುವ ಮೊದಲು ಒಬ್ಬ ಮನುಷ್ಯ ಅದನ್ನು ಓದಲಿ. ಅದು ಆಗದಿದ್ದರೆ ಮಂಗಳೂರಿನಲ್ಲೇ ಕಾಗದ ತೋರಿಸಿ ಮುಗಿಸುವ ಕೌಂಟರ್ ತೆರೆಯಲಿ. ಜಿಎಸ್‌ಟಿ ಮೇಲೆ ಟಿಡಿಎಸ್ ಹಿಡಿಯುವವರನ್ನೂ ಕರೆದು ಕೇಳಲಿ. ತಪ್ಪು ಮಾಡಿದವರನ್ನು ಬಿಟ್ಟು ಸುಮ್ನೆ ನಮ್ಮ ದುಡ್ಡು ಹಿಡಿದಿಟ್ಟುಕೊಳ್ಳಲು ಇವರಿಗೆ ಯಾವ ಹಕ್ಕೂ ಇಲ್ಲ.

– ಒಬ್ಬ ಪಾಲುದಾರ, ಬೈಕಂಪಾಡಿ, ಮಂಗಳೂರು