ನಡಿಗೆಯೊಂದೇ ಸಾಲದು ಕಣಮ್ಮ

ಕೋಲಾರ

ಚಿ. ಸೌ. ಗೀತಾಳಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ‘ಹ್ಞೂಂ ಮಾವ, ಹ್ಞೂಂ ಮಾವ’ ಅಂದು ಫೋನ್ ಇಟ್ಟ ಮೇಲೆ ನೀನು ಮರೆತುಬಿಡುತ್ತೀಯ. ಅದಕ್ಕೇ ಕಾಗದ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊ.

ದಿನಾ ಎಂಟು ಸಾವಿರ ಹೆಜ್ಜೆ ನಡೆಯುತ್ತೀನಿ, ಸಾಕಲ್ವಾ ಅಂದೆ. ಸಾಲದು. ನಡಿಗೆ ಹೃದಯಕ್ಕೆ, ಶುಗರ್‌ಗೆ, ನಿದ್ದೆಗೆ ಒಳ್ಳೆಯದು, ಬಿಡಬೇಡ. ಆದರೆ ಸಮತಟ್ಟಾದ ರಸ್ತೆಯಲ್ಲಿ ಎಷ್ಟು ನಡೆದರೂ ತೊಡೆಗೆ ಹೊಸ ಬಲ ಬರುವುದು ಕಡಿಮೆ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ. 60 ಆದ ಮೇಲೆ ಇನ್ನೂ ಬೇಗ. ತೂಕ ನೋಡಿದರೆ ಇದು ತಿಳಿಯುವುದಿಲ್ಲ, ಕರಗಿದ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತದೆ. ಗೊತ್ತಾಗುವುದು ಪಂಕ್ತಿಯಲ್ಲಿ ಊಟ ಮುಗಿಸಿ ಏಳುವಾಗ. ಗೌರಿ ಹಬ್ಬಕ್ಕೆ ಬಂದಾಗ ನೋಡಿದೆ, ನೀನು ಗೋಡೆ ಹಿಡಿದು ಎದ್ದೆ. 46ಕ್ಕೇ ಗೋಡೆ ಹಿಡಿದರೆ 70ಕ್ಕೆ ಏನು ಹಿಡಿಯುತ್ತೀಯ?

ತಮಾಷೆಯಲ್ಲ. ಬ್ರೆಜಿಲ್ ದೇಶದ ಡಾಕ್ಟರುಗಳು 51ರಿಂದ 80 ವರ್ಷದ 2,002 ಜನರನ್ನು ನೆಲದ ಮೇಲೆ ಕೂರಿಸಿ ಏಳಿಸಿ ನೋಡಿದರು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈಯೋ ಮಂಡಿಯೋ ಊರಿದರೆ ಒಂದೊಂದು ಅಂಕ ಕಡಿತ. ಅಂಕ ಕಡಿಮೆ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಜಾಸ್ತಿ ಇತ್ತು ಅಂತ 2012ರಲ್ಲಿ ಪ್ರಕಟಿಸಿದರು. ನಮ್ಮ ಅಜ್ಜಿಯರು ಒಲೆ ಮುಂದೆ, ಬೀಸುವ ಕಲ್ಲಿನ ಮುಂದೆ, ಕೊಟ್ಟಿಗೆಯಲ್ಲಿ ಈ ಪರೀಕ್ಷೆಯನ್ನು ದಿನವಿಡೀ ಪಾಸು ಮಾಡುತ್ತಿದ್ದರು. (ಬೀಸುವ ಕಲ್ಲು ವಾಪಸ್ ತರಬೇಕು ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನಿಮ್ಮತ್ತೆ ನನ್ನ ಕೈಯಲ್ಲೇ ಬೀಸಿಸುತ್ತಾಳೆ.)

ಸರ್ವಿಸ್ ಪೂರ್ತಿ ಮಕ್ಕಳಿಗೆ ಬಸ್ಕಿ ಹೊಡೆಸಿದ ಪಿ.ಟಿ. ಮೇಷ್ಟ್ರು ನಾನು, ನಿನಗೂ ಅದನ್ನೇ ಹೇಳುತ್ತೇನೆ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡು. ಅಂಚಿಗೆ ಸರಿದು ಕೂತುಕೊ. ಪಾದಗಳ ನಡುವೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜಾಗ ಇರಲಿ. ಎರಡೂ ಕೈ ಎದೆ ಮೇಲೆ ಕಟ್ಟು. ಮುಂದಕ್ಕೆ ಬಾಗಿ, ಹಿಮ್ಮಡಿ ಒತ್ತಿ ಏಳು. ಮಂಡಿ ಒಳಕ್ಕೆ ವಾಲಬಾರದು, ಉಸಿರು ಕಟ್ಟಬಾರದು. ಇಳಿಯುವಾಗ ಒಂದು, ಎರಡು, ಮೂರು ಎಣಿಸುತ್ತಾ ಇಳಿ. ದೊಪ್ಪನೆ ಕೂತರೆ ಆ ಬಸ್ಕಿ ಲೆಕ್ಕಕ್ಕಿಲ್ಲ. 10 ಸಲ ಮಾಡಿ ಎರಡು ನಿಮಿಷ ಸುಧಾರಿಸಿಕೊ. ಹೀಗೆ ಮೂರು ಸುತ್ತು. ವಾರಕ್ಕೆ ಎರಡು ದಿನವಾದರೂ ಆಗಬೇಕು, ಮಧ್ಯೆ ಒಂದು ದಿನ ಬಿಡುವಿರಲಿ. ಕೊನೆಯ ಎರಡು ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಎರಡು ಕೆ.ಜಿ. ರಾಗಿಹಿಟ್ಟಿನ ಪ್ಯಾಕೆಟ್ ಅಪ್ಪಿಕೊಂಡು ಮಾಡು, ಆಮೇಲೆ ಐದು ಕೆ.ಜಿ.ಯದು. ಭಾರ ಏರಿಸದಿದ್ದರೆ ಬಲ ಅಲ್ಲೇ ನಿಂತುಬಿಡುತ್ತದೆ. ತೊಡೆ ಉರಿಯುವುದಕ್ಕೆ, ಮಾರನೇ ದಿನ ಮೈ ನೋಯುವುದಕ್ಕೆ ಹೆದರಬೇಡ. ಮಂಡಿ ಒಳಗೆ ಚುಚ್ಚಿದರೆ ಮಾತ್ರ ನಿಲ್ಲಿಸು. ಜೊತೆಗೆ ಗೋಡೆಗೆ ಕೈಕೊಟ್ಟು ದಂಡ ಹೊಡಿ, ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲು.

ಅಮ್ಮನಿಗೆ ವಯಸ್ಸಾಯ್ತು, ಅವಳಿಗೆ ಇದೆಲ್ಲ ಯಾಕೆ ಅನ್ನಬೇಡ. ಅಮೆರಿಕದ ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿಗೆ ಭಾರ ಕೊಟ್ಟು ಕಸರತ್ತು ಮಾಡಿಸಿದರು. 1990ರಲ್ಲಿ ಬಂದ ವರದಿ ಅದು. ಗುಂಪು ಸಣ್ಣದು ನಿಜ, ಆದರೆ ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿತ್ತು. ನಮ್ಮಕ್ಕನಿಗೆ ಇನ್ನೂ 72. ಬಿ.ಪಿ. ಮಾತ್ರೆ ತಗೊಳ್ಳುವವಳು, ಡಾಕ್ಟರನ್ನು ಒಂದು ಮಾತು ಕೇಳಿ ಶುರು ಮಾಡಿಸು. ನೀನು ಕೋಲಾರಕ್ಕೆ ಬಂದಾಗ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತೋಣ. ಕೈಯಲ್ಲಿ ತೆಂಗಿನಕಾಯಿ ಕವರ್ ಮಾತ್ರ ಬೇಡ, ಕೋತಿಗಳು ಬಿಡುವುದಿಲ್ಲ.

ಇನ್ನೊಂದು ಮಾತು ನಿಮ್ಮತ್ತೆ ಬರೆಯಲು ಹೇಳಿದ್ದು. ಮುಟ್ಟು ನಿಂತ ಮೇಲಿನ ಕೆಲವು ವರ್ಷ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಭಾರ ಎತ್ತುವುದು ಮೂಳೆಗೂ ಬೇಕು. ಈಗಲೇ ಶುರು ಮಾಡು ಅನ್ನುವುದು ಅದಕ್ಕೇ.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುತ್ತಾರೆ. ಹಿಟ್ಟಿನ ಜೊತೆ ಏನು ತಿಂದ ಅಂತ ಯಾರೂ ಹೇಳುವುದಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಆದರೆ 100 ಗ್ರಾಂಗೆ ಪ್ರೋಟೀನ್ 7 ಗ್ರಾಂ ಅಷ್ಟೇ. ಹುರುಳಿಯಲ್ಲಿ ಸುಮಾರು 22. ನಾವೇನು ಮಾಡುತ್ತೇವೆ? ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡಿಕೊಂಡು ಕಾಳನ್ನು ಹಸುವಿಗೆ ಹಾಕುತ್ತೇವೆ. ಹಸು ಗಟ್ಟಿಯಾಗಿದೆ! ಕಾಳನ್ನು ಪಲ್ಯ ಮಾಡಿ ತಿನ್ನಿ. ಅವರೆಕಾಳು, ಮೊಳಕೆಕಾಳು, ಮೊಟ್ಟೆ, ಮೊಸರು ಯಾವುದಾದರೂ ಒಂದು ಪ್ರತಿ ಊಟದಲ್ಲೂ ಇರಲಿ. ಅಮ್ಮನ ವಯಸ್ಸಿಗೆ ದಿನಕ್ಕೆ ತೂಕದ ಕೆ.ಜಿ.ಗೆ ಒಂದು ಗ್ರಾಂನಷ್ಟಾದರೂ ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಲೆಕ್ಕ ಬೇರೆ.

ನೀರಿನ ವಿಷಯ ಸಸಾರ ಮಾಡಬೇಡ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ, ಕೀಲು ಕೆಡುತ್ತವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತೀರಿ, ಸಾರಿಗೆ ಮಾತ್ರ ಬೋರ್ ನೀರು. ಅಡುಗೆಗೂ ಅದೇ ಕ್ಯಾನ್ ನೀರು ಬಳಸು.

ಬಿ.ಪಿ., ಶುಗರ್ ವರ್ಷಕ್ಕೊಮ್ಮೆ ನೋಡಿಸು, ಸರ್ಕಾರಿ ಆಸ್ಪತ್ರೆಯಲ್ಲೂ ನೋಡುತ್ತಾರೆ. ಅಮ್ಮನ ಕಣ್ಣಿಗೆ ಪೊರೆ ಬಂದಿದೆಯಾ ನೋಡಿಸು. ರಾತ್ರಿ ಎದ್ದರೆ ಮಂಚದ ಅಂಚಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಲಿ, ಬಿ.ಪಿ. ಮಾತ್ರೆಗೆ ತಲೆ ಸುತ್ತುವುದುಂಟು. ಬಚ್ಚಲಿಗೆ ಸ್ಟೀಲ್ ಹಿಡಿಕೆ ಹಾಕಿಸು. ಟವಲ್ ಹಾಕುವ ಕಂಬಿ ಸಾಕು ಅಂತ ನಿನ್ನ ಗಂಡ ಅನ್ನಬಹುದು, ಕೇಳಬೇಡ. ಮೈಭಾರ ಬಿದ್ದರೆ ಅದು ಗೋಡೆಯಿಂದ ಕಿತ್ತು ಬರುತ್ತದೆ.

ಎರಡು ಸೇರು ಹುರುಳಿ ಕಳಿಸಿದ್ದೇನೆ. ಕಲ್ಲು ಜಾಸ್ತಿ ಇದೆ, ಆರಿಸಿ ನೆನೆಹಾಕು.

ಇಂತಿ,
ನಿನ್ನ ಮಾವ